ಮೇಷ್ಟ್ರು ಹೇಳಿಕೊಟ್ಟ ಉತ್ತರ

ಮಕ್ಕಳೇ, ಕೆಲಸ ಕೇಳಿಕೊಂಡು ಹೋದವರಿಗೆ ಎಲ್ಲಿ ಹೋದರೂ ಒಂದು ಪ್ರಶ್ನೆ ಎದುರಾಗುತ್ತದೆ: "ಈ ಕೆಲಸ ನಿನಗೇಕೆ ಬೇಕು?" ಕೇಳುವವರಿಗೆ ಅದೇನು, ಬಾಯಿ ತೆರೆದರೆ ಆಯಿತು. ಹೇಳುವವರ ಪಾಡು ಕೇಳಬೇಡಿ. ಬೂದ ಎಂಬ ಮುಸಿಯನ ಪಾಡನ್ನು ಈಗ ಹೇಳುತ್ತೇನೆ, ಸುಮ್ಮನೆ ಕೂತು ಕೇಳಿ. ಇದು ನಗುವ ಕತೆಯಲ್ಲ.

ಒಂದು ಕುರುಚಲು ಕಾಡಿನ ನಡುವೆ ನೇರಳೆಮಡು ಎಂಬ ನೀರಿನ ಗುಂಡಿ ಇತ್ತು. ಬೇಸಿಗೆಯಲ್ಲಿ ಸುತ್ತಲಿನ ಹಳ್ಳಗಳೆಲ್ಲ ಬತ್ತಿದರೂ ಅದೊಂದು ಬತ್ತುತ್ತಿರಲಿಲ್ಲ. ಹಾಗಾಗಿ ಜಿಂಕೆ, ಹಂದಿ, ಮೊಲ, ಕಡವೆ ಎಲ್ಲರೂ ಇಳಿಹೊತ್ತಿಗೆ ಅಲ್ಲಿಗೇ ಬರಬೇಕು. ಚಿರತೆಗೂ ಅದು ಗೊತ್ತು. ಅದೂ ಅಲ್ಲಿಗೇ ಬರುತ್ತಿತ್ತು.

ಮಡುವಿನ ದಡದಲ್ಲಿ ಒಂದು ಅತ್ತಿಮರ. ಅದರ ಕಾಂಡ ನೆಲದ ಕಡೆಗೆ ವಾಲಿಕೊಂಡಿತ್ತು, ತುದಿ ಮಾತ್ರ ಎತ್ತರದಲ್ಲಿತ್ತು; ತುದಿಯ ಸಣ್ಣ ಕೊಂಬೆಗಳು ಚಿರತೆಯ ಭಾರ ತಡೆಯುವಂಥವಲ್ಲ. ತುದಿಯಲ್ಲಿ ಕೂತರೆ ನಾಲ್ಕು ದಿಕ್ಕೂ ಕಾಣುತ್ತದೆ. ಅಲ್ಲಿ ಒಬ್ಬ ಕಾವಲುಗಾರ ಕೂತಿರಬೇಕು, ಚಿರತೆ ಕಂಡರೆ ಕೂಗಬೇಕು. ಮರದ ಹಣ್ಣು, ಎಲೆ, ನೆರಳು ಎಲ್ಲ ಅವನಿಗೇ ಸೇರಿದ್ದು. ಬೇರೆ ಯಾರೂ ಆ ಮರ ಹತ್ತುವಂತಿಲ್ಲ.

ಇನ್ನೊಂದು ಕಟ್ಟಲೆಯೂ ಇತ್ತು. ಕಾವಲುಗಾರನ ಕೂಗನ್ನು ಬಿಟ್ಟು ಬೇರೆ ಯಾರ ಕೂಗಿಗೂ ಓಡಬಾರದು. ಹಿಂದೊಮ್ಮೆ ಯಾರೋ ಸುಮ್ಮಸುಮ್ಮನೆ ಕೂಗಿ, ಎಲ್ಲರೂ ದಿಕ್ಕೆಟ್ಟು ಓಡಿ, ಎರಡು ಮರಿಗಳು ಕಾಲ್ತುಳಿತಕ್ಕೆ ಸಿಕ್ಕಿ ಸತ್ತಿದ್ದವು. ಅಂದಿನಿಂದ ಈ ಕಟ್ಟಲೆ.

ಆರು ಬೇಸಿಗೆ ಕಾವಲು ಕಾದ ಮುದಿ ನವಿಲು ಆ ವರ್ಷ ಸತ್ತುಹೋಯಿತು. ಜಾಗ ಖಾಲಿಯಾಯಿತು. "ಹುಣ್ಣಿಮೆಯ ದಿನ ಬೆಳಿಗ್ಗೆ ಮಡುವಿನ ಚಪ್ಪಡಿಗಲ್ಲಿನ ಹತ್ತಿರ ಬನ್ನಿ, ಕೆಲಸ ಬೇಕಾದವರು ಕಲ್ಲಿನ ಮೇಲೆ ನಿಂತು ಯಾಕೆ ಬೇಕು ಅಂತ ಹೇಳಿ," ಎಂದು ಹಿರಿಯ ಜಿಂಕೆ ಹೊನ್ನವ್ವ ಎಲ್ಲರಿಗೂ ಹೇಳಿ ಕಳಿಸಿದಳು.

ಸುದ್ದಿ ಬೂದನಿಗೂ ಮುಟ್ಟಿತು. ಮುಸಿಯ ಅಂದರೆ ಗೊತ್ತಲ್ಲ, ಕರಿಮೂತಿಯ, ಉದ್ದಬಾಲದ ಕೋತಿ. ತನ್ನ ಹಿಂಡಿನಲ್ಲಿ ಬೂದನಂಥ ಜಿಗಿತಗಾರ ಇನ್ನೊಬ್ಬನಿರಲಿಲ್ಲ. ಆದರೆ ಮಾಘದಲ್ಲಿ ಒಣಗಿದ ಕೊಂಬೆಯೊಂದು ಮುರಿದು, ಅವನು ಬಂಡೆಯ ಮೇಲೆ ಬಿದ್ದ. ಹಿಂಗಾಲು ಮುರಿಯಿತು. ಮೂಳೆ ಕೂಡಿಕೊಂಡರೂ ಕಾಲು ಸೊಟ್ಟಗಾಯಿತು. ನೆಟ್ಟಗಿನ ಮರವೆಂದರೆ ಹತ್ತಲು ಆಗದು, ಕೊಂಬೆಯಿಂದ ಕೊಂಬೆಗೆ ಹಾರುವುದಂತೂ ಕನಸಿನ ಮಾತು.

ಬೇಸಿಗೆ ಬಂದಾಗ ಹಿಂಡು ಹಸಿರೆಲೆ ಹುಡುಕಿಕೊಂಡು ಬೆಟ್ಟಕ್ಕೆ ಹೊರಟಿತು. ಬೂದ ನೆಲದ ಮೇಲೆ ಕುಂಟುತ್ತ ಎರಡು ಮರ ದಾಟುವಷ್ಟರಲ್ಲಿ ಅವರು ಕಣ್ಮರೆಯಾಗಿದ್ದರು. ಯಾರಾದರೂ ಕೇಳಿದರೆ, "ಬೆಟ್ಟಕ್ಕೆ ಹೋಗಲು ಮನಸ್ಸಾಗಲಿಲ್ಲ, ಇಲ್ಲೇ ಚೆನ್ನಾಗಿದೆ," ಅನ್ನುತ್ತಿದ್ದ. ಚೆನ್ನಾಗೆಲ್ಲಿ ಬಂತು? ರಾತ್ರಿಯೆಲ್ಲ ಬಂಡೆಯ ಬಿರುಕಿನಲ್ಲಿ ಮುದುಡಿ ಕೂರುತ್ತಿದ್ದ. ನೆಲದ ಮೇಲಿನ ಕುಂಟ ಮುಸಿಯ ಎಷ್ಟು ದಿನ ಬದುಕುತ್ತಾನೆ ಎಂಬುದು ಅವನಿಗೆ ಗೊತ್ತಿತ್ತು. ಆ ಕಾಡಿನಲ್ಲೆಲ್ಲ ಅವನು ಹತ್ತಬಹುದಾದ ಎತ್ತರದ ಮರ ಒಂದೇ. ಅದು ಮಡುವಿನ ದಡದ ವಾಲಿದ ಅತ್ತಿಮರ.

ಕೆಲಸ ಸಿಕ್ಕರೆ ಜೀವ ಉಳಿಯುತ್ತದೆ, ಇಲ್ಲವಾದರೆ ಇಲ್ಲ. ಲೆಕ್ಕ ಅಷ್ಟು ನೇರವಾಗಿತ್ತು.

ಆದರೆ ಇದನ್ನು ಹತ್ತು ಜನರ ಎದುರು ಹೇಳುವುದು ಹೇಗೆ? ನಾಚಿಕೆ ಅವನನ್ನು ಕಿತ್ತು ತಿನ್ನುತ್ತಿತ್ತು. ಕೊನೆಗೆ ಅವನು ಗೊರವಂಕ ಹಕ್ಕಿಯ ಬಳಿ ಹೋದ. ಅದು ಊರಿನ ಪಂಚಾಯ್ತಿ ಕಚೇರಿಯ ಹೆಂಚಿನ ಸಂದಿಯಲ್ಲಿ ಎರಡು ವರ್ಷ ಗೂಡು ಕಟ್ಟಿಕೊಂಡಿದ್ದ ಹಕ್ಕಿ. ಭಾಷಣಗಳೆಲ್ಲ ಅದಕ್ಕೆ ಬಾಯಿಪಾಠ. ಕಾಡಿನವರು ಅದನ್ನು ಮೇಷ್ಟ್ರು ಎಂದೇ ಕರೆಯುತ್ತಿದ್ದರು.

"ಮೇಷ್ಟ್ರೇ, ಕಾವಲಿನ ಕೆಲಸಕ್ಕೆ ನಿಲ್ಲಬೇಕು ಅಂತಿದ್ದೇನೆ. ಏನು ಹೇಳಲಿ?"

"ನಿನಗೆ ಯಾಕೆ ಬೇಕು ಆ ಕೆಲಸ?" ಎಂದಿತು ಮೇಷ್ಟ್ರು.

ಬೂದ ನೆಲ ನೋಡಿದ. "ಅದು... ಈ ಕಾಲು ನೋಡಿ... ನನಗೆ ಬೇರೆ ಜಾಗ ಇಲ್ಲ..."

"ಅಯ್ಯೋ, ಛೆ ಛೆ! ಅದನ್ನೆಲ್ಲ ಬಾಯಿ ಬಿಡಬೇಡ ಮಾರಾಯ. ಅಯ್ಯೋ ಪಾಪ ಅಂತಾರೆ, ಎದ್ದು ಹೋಗು ಅಂತಾರೆ. ತನಗೆ ಬೇಕು ಅಂತ ಕೇಳುವವನಿಗೆ ಯಾರಾದರೂ ಕೆಲಸ ಕೊಡುತ್ತಾರೆಯೇ? ನಾನು ಹೇಳಿದ ಹಾಗೆ ಹೇಳು. 'ಸಕಲ ಜೀವಿಗಳ ಕ್ಷೇಮವೇ ನನ್ನ ಗುರಿ. ಸೇವೆಯೇ ನನ್ನ ಉಸಿರು. ಅವಕಾಶ ಕೊಟ್ಟರೆ ತನುಮನ ಅರ್ಪಿಸಿ ದುಡಿಯುತ್ತೇನೆ.' ಎಲ್ಲಿ, ಒಮ್ಮೆ ಹೇಳು ನೋಡೋಣ."

ಬೂದ ಹೇಳಿದ. ಮೂರು ದಿನ ಬಿರುಕಿನಲ್ಲಿ ಕೂತು ಅದನ್ನೇ ಹೇಳಿಕೊಂಡ. ಹೇಳಿಕೊಳ್ಳುತ್ತ ಹೋದಂತೆ ತಾನು ನಿಜಕ್ಕೂ ಅಂಥ ದೊಡ್ಡವನೇನೋ ಎನಿಸಿ ಸ್ವಲ್ಪ ಸಮಾಧಾನವೂ ಆಯಿತು.

ಹುಣ್ಣಿಮೆಯ ಬೆಳಿಗ್ಗೆ ಎಲ್ಲರೂ ಸೇರಿದರು. ಹೊನ್ನವ್ವ ಮುಂದೆ ನಿಂತಿದ್ದಳು. ಅವಳ ಪಕ್ಕದಲ್ಲಿ ಆ ವರ್ಷ ಹುಟ್ಟಿದ ಅವಳ ಹೆಣ್ಣುಮರಿ ತಾಯಿಯ ಹೊಟ್ಟೆಗೆ ಮೈಯುಜ್ಜುತ್ತಿತ್ತು. ಇನ್ನೊಂದು ಕಡೆ ಹಂದಿ ಬೋರಣ್ಣ. ಆಯ್ಕೆ ಮಾಡುವವರು ಇವರಿಬ್ಬರೇ.

ಮೊದಲು ಕಾಗೆ ಕಲ್ಲಿನ ಮೇಲೆ ಬಂದು ನಿಂತಿತು.

"ಈ ಕೆಲಸ ನಿನಗೇಕೆ ಬೇಕು?" ಎಂದಳು ಹೊನ್ನವ್ವ.

"ಸಕಲ ಜೀವಿಗಳ ಕ್ಷೇಮವೇ ನನ್ನ ಗುರಿ. ಸೇವೆಯೇ ನನ್ನ ಉಸಿರು..."

ಮೇಷ್ಟ್ರು ಕಾಗೆಗೂ ಅದನ್ನೇ ಹೇಳಿಕೊಟ್ಟಿತ್ತು! ಆಮೇಲೆ ಮರಕುಟಿಗ ಬಂತು. ಅದೂ ಅದನ್ನೇ ಹೇಳಿತು. ಆಮೇಲೆ ಕೆಂಚ ಎಂಬ ಕೆಂದಳಿಲು ಬಾಲ ಕುಣಿಸಿಕೊಂಡು ಬಂದ. ಬೆಕ್ಕಿನಷ್ಟು ದೊಡ್ಡ ಅಳಿಲು ಅದು, ಕೂಗಿದರೆ ಗುಡ್ಡದಾಚೆಗೂ ಕೇಳಬೇಕು. ಅವನೂ ಅದನ್ನೇ ಹೇಳಿದ. "ತನುಮನ ಅರ್ಪಿಸಿ" ಅನ್ನುವಾಗ ಅವನ ಕಣ್ಣು ಮಾತ್ರ ಅತ್ತಿಯ ಕಾಂಡಕ್ಕೆ ಜೋತುಬಿದ್ದ ಕೆಂಪು ಹಣ್ಣುಗಳ ಮೇಲಿತ್ತು. ಯಾರೂ ಅದನ್ನು ಗಮನಿಸಲಿಲ್ಲ.

ಕೊನೆಗೆ ಬೂದನ ಸರದಿ. ಅವನು ಕುಂಟುತ್ತ ಕಲ್ಲಿನ ಮೇಲೆ ಬಂದ. "ಬೇಡ, ನಿಜವನ್ನೇ ಹೇಳಿಬಿಡುತ್ತೇನೆ," ಎಂದುಕೊಂಡ. ಮಾತು ಗಂಟಲಿಗೂ ಬಂತು. ಅಷ್ಟರಲ್ಲಿ ಮೊಲಗಳೆರಡು ಅವನ ಸೊಟ್ಟ ಕಾಲನ್ನೇ ನೋಡುತ್ತ ಏನೋ ಪಿಸುಗುಟ್ಟಿಕೊಂಡವು. ಇದೇ ಮಡುವನ್ನು ಒಂದೇ ನೆಗೆತಕ್ಕೆ ದಾಟಿದ್ದ ಬೂದ ತಾನು. ಗಂಟಲಿಗೆ ಬಂದ ಮಾತು ಹಾಗೇ ಒಳಗಿಳಿಯಿತು.

"ಸಕಲ ಜೀವಿಗಳ ಕ್ಷೇಮವೇ ನನ್ನ ಗುರಿ," ಎಂದು ಶುರುಮಾಡಿ ಉಳಿದದ್ದನ್ನೂ ಒಪ್ಪಿಸಿದ.

ಹೊನ್ನವ್ವ ಅವನನ್ನೇ ನೋಡಿದಳು. "ಬೂದಾ, ಇಷ್ಟೇನಾ? ಬೇರೆ ಏನಾದರೂ ಇದೆಯೇನಪ್ಪಾ?"

"ಇಷ್ಟೇ ಹೊನ್ನವ್ವ."

"ನಿನ್ನವರೆಲ್ಲ ಬೆಟ್ಟಕ್ಕೆ ಹೋದರಲ್ಲ, ನೀನು ಯಾಕೆ ಹೋಗಲಿಲ್ಲ?"

"ಮನಸ್ಸಾಗಲಿಲ್ಲ, ಅಷ್ಟೇ. ಕಾಲಿಗೆ ಸ್ವಲ್ಪ ಏಟಾಗಿದೆ, ಅದೇನು ದೊಡ್ಡದಲ್ಲ."

ಆಗ ಬೋರಣ್ಣ ಹೊನ್ನವ್ವನ ಕಿವಿಯ ಹತ್ತಿರ ಗುಟುರು ಹಾಕಿದ: "ಇವತ್ತು ಮನಸ್ಸಾಗಲಿಲ್ಲ ಅಂತ ಉಳಿದವನು ನಾಳೆ ಮನಸ್ಸಾದರೆ ಹೊರಟುಬಿಡುತ್ತಾನೆ. ಇವನ ಹಿಂಡು ಅಲ್ಲಿದೆ, ಇವನೇನು ಇಲ್ಲಿ ನಿಲ್ಲುತ್ತಾನೆಯೇ? ನಾಲ್ವರೂ ಹೇಳಿದ್ದು ಒಂದೇ. ಗಂಟಲು ದೊಡ್ಡದಿರುವವನನ್ನು ಇಟ್ಟುಕೊಳ್ಳೋಣ."

ಹೊನ್ನವ್ವನಿಗೂ ಬೇರೆ ದಾರಿ ಕಾಣಲಿಲ್ಲ. ಒಂದೇ ಮಾತಾಡಿದ ನಾಲ್ವರಲ್ಲಿ ಯಾರನ್ನು ಹೇಗೆ ಆರಿಸುವುದು? ಕೆಲಸ ಕೆಂಚನಿಗೆ ಸಿಕ್ಕಿತು.

ಬೂದ ತನ್ನ ಬಿರುಕಿಗೆ ಹಿಂತಿರುಗಿದ. ಅಲ್ಲಿಂದ ಅತ್ತಿಮರ ಕಾಣುತ್ತಿತ್ತು, ಮಡುವಿನ ದಡದ ಜೊಂಡು ಕಾಣುತ್ತಿತ್ತು. ಅವನು ಹಗಲೆಲ್ಲ ನೋಡುತ್ತ ಕೂರುತ್ತಿದ್ದ. ಕೆಂಚ ಮೊದಲ ವಾರ ಚೆನ್ನಾಗಿಯೇ ಕಾದ. ಒಂದು ಸಲ ಚಿರತೆಯನ್ನು ಕಂಡು ಕೂಗಿದ, ಎಲ್ಲರೂ ಪಾರಾದರು. "ಭೇಷ್ ಕೆಂಚ!" ಎಂದರು ಎಲ್ಲರೂ. ಹೊಟ್ಟೆ ಉರಿದರೂ ಬೂದನೂ ಮನಸ್ಸಿನಲ್ಲೇ ಭೇಷ್ ಅಂದ. ಸುಳ್ಳು ಯಾಕೆ ಹೇಳಲಿ, ಕೆಂಚ ಕೆಟ್ಟವನೇನಲ್ಲ.

ಮೂರನೆಯ ವಾರಕ್ಕೆ ಅತ್ತಿಹಣ್ಣು ಮುಗಿಯಿತು.

ಅಂದು ಇಳಿಹೊತ್ತಿಗೆ ಬೂದ ನೋಡುತ್ತಾನೆ, ಮರದ ತುದಿಯಲ್ಲಿ ಯಾರೂ ಇಲ್ಲ. ಕೆಂಚ ಹಳ್ಳದಾಚೆಗೆ ಹಲಸಿನ ಹಣ್ಣು ಹುಡುಕಿಕೊಂಡು ಹೋಗಿದ್ದ. ಮಡುವಿನಲ್ಲಿ ಜಿಂಕೆಗಳು ನೀರು ಕುಡಿಯುತ್ತಿದ್ದವು. ಹೊನ್ನವ್ವನ ಮರಿ ಮುಂಗಾಲು ಅಗಲಿಸಿ, ನೀರಿಗೆ ಮೂತಿ ಇಟ್ಟು, ತಲೆ ಕೊಡವಿ ಆಡುತ್ತಿತ್ತು. ಆಗ ಜೊಂಡು ಅಲುಗಿತು. ಗಾಳಿ ಇರಲಿಲ್ಲ. ಜೊಂಡಿನ ನಡುವೆ ಚುಕ್ಕೆಯ ಬೆನ್ನೊಂದು ನೆಲಕ್ಕೆ ಅಂಟಿಕೊಂಡು ಮುಂದೆ ಬರುತ್ತಿತ್ತು.

ಬೂದ ಬಿರುಕಿನಿಂದ ಹೊರಗೆ ಬಿದ್ದ. ತಾನು ನೆಲದ ಮೇಲಿದ್ದೇನೆ, ಚಿರತೆ ತನ್ನ ಕಡೆಗೇ ತಿರುಗಬಹುದು ಎಂಬುದನ್ನೂ ಮರೆತ. "ಖೆಕ್! ಖೆಕ್ಕೆಕ್! ಓಡಿ! ಜೊಂಡಿನಲ್ಲಿದೆ, ಓಡಿ!" ಎಂದು ಗಂಟಲು ಹರಿಯುವಂತೆ ಕೂಗಿದ.

ಎಲ್ಲರೂ ತಲೆ ಎತ್ತಿದರು. ಎಲ್ಲರೂ ಅತ್ತಿಮರದ ಕಡೆ ನೋಡಿದರು. ಕೆಳಗಿನಿಂದ ಎಲೆಗಳ ಮರೆಯಲ್ಲಿ ತುದಿ ಕಾಣುತ್ತಿರಲಿಲ್ಲ, ಅಲ್ಲಿಂದ ಸದ್ದೂ ಇಲ್ಲ.

"ಕಾವಲುಗಾರ ಕೂಗಿಲ್ಲ," ಎಂದಳು ಹೊನ್ನವ್ವ. "ಯಾರೂ ಓಡಬೇಡಿ, ಮರಿಗಳು ತುಳಿತಕ್ಕೆ ಸಿಕ್ಕಾವು. ಕುಡಿಯಿರಿ."

ಮರಿ ಅಮ್ಮನ ಮಾತು ಕೇಳುವ ಮರಿ. ಅದು ಮತ್ತೆ ನೀರಿಗೆ ಮೂತಿ ಇಟ್ಟಿತು.

ಮಕ್ಕಳೇ, ಆಮೇಲೆ ಆದದ್ದನ್ನು ನಾನು ಬಿಡಿಸಿ ಹೇಳುವುದಿಲ್ಲ. ನೀರು ಚಿಮ್ಮಿತು, ಎಲ್ಲರೂ ಓಡಿದರು. ತಿರುಗಿ ಬಂದಾಗ ಎಲ್ಲರೂ ಇದ್ದರು, ಹೊನ್ನವ್ವನ ಮರಿ ಇರಲಿಲ್ಲ.

ಮರುದಿನ ಬೆಳಿಗ್ಗೆ ಕೆಂಚ ಬಂದ. ಬೋರಣ್ಣ ಕೋರೆ ಮಸೆದು ನಿಂತ.

"ಎಲ್ಲಿ ಹಾಳಾಗಿ ಹೋಗಿದ್ದೆಯೋ?"

"ಹಣ್ಣು ಮುಗಿದಿತ್ತು ಬೋರಣ್ಣ. ಹಣ್ಣಿಗಾಗಿಯೇ ಬಂದವನು ನಾನು. ಹಣ್ಣಿಲ್ಲದ ಮರದಲ್ಲಿ ಎಷ್ಟು ಹೊತ್ತು ಕೂರಲಿ?"

"ಸಕಲ ಜೀವಿಗಳ ಕ್ಷೇಮ ಅಂದೆಯಲ್ಲ!"

"ಅದು ಮೇಷ್ಟ್ರು ಹೇಳಿಕೊಟ್ಟದ್ದು," ಎಂದು ಕೆಂಚ ತಲೆ ತಗ್ಗಿಸಿದ. ಅವನಿಗೂ ಅಳು ಬಂದಿತ್ತು. ಆದರೆ ಅಳು ಯಾರಿಗೆ ಬೇಕಾಗಿತ್ತು? ಅವನು ಅಂದೇ ಆ ಕಾಡು ಬಿಟ್ಟು ಹೋದ.

ಹೊನ್ನವ್ವ ನೀರಿನ ಕಡೆಗೆ ಬೆನ್ನು ಮಾಡಿ ನಿಂತಿದ್ದಳು. ಬೂದ ಎಲ್ಲರ ನಡುವೆ ಕುಂಟುತ್ತ ಬಂದು, ಯಾರೂ ಕೇಳದಿದ್ದರೂ, ಚಪ್ಪಡಿಗಲ್ಲಿನ ಮೇಲೆ ನಿಂತ. ಮೊಲಗಳು ಅವನ ಕಾಲು ನೋಡುತ್ತಿದ್ದವು. ನೋಡಲಿ ಎಂದುಕೊಂಡ.

"ಹೊನ್ನವ್ವ, ನಾನೂ ಅಂದು ಸುಳ್ಳು ಹೇಳಿದೆ. ನನ್ನ ಕಾಲು ಇನ್ನು ಸರಿಯಾಗುವುದಿಲ್ಲ. ನನ್ನ ಹಿಂಡು ನನ್ನನ್ನು ಬಿಟ್ಟು ಹೋಯಿತು, ಅವರ ಹಿಂದೆ ಹೋಗಲು ನನ್ನಿಂದ ಆಗಲಿಲ್ಲ. ಈ ಕಾಡಿನಲ್ಲಿ ನಾನು ಹತ್ತಬಲ್ಲ ಮರ ಅದೊಂದೇ. ಹಣ್ಣಿದ್ದರೂ ಇಲ್ಲದಿದ್ದರೂ ಎಲೆ ತಿಂದುಕೊಂಡು ಇರುತ್ತೇನೆ. ಅಲ್ಲಿಂದ ಇಳಿದರೆ ನಾನು ಸಾಯುತ್ತೇನೆ. ಆ ಕೆಲಸ ಬೇಕಾಗಿದ್ದು ಅದಕ್ಕೆ. ಹೇಳಲು ನಾಚಿಕೆಯಾಯಿತು."

ಹೊನ್ನವ್ವ ತಿರುಗಿದಳು. ಅವಳ ಕಣ್ಣಿನ ಕೆಳಗಿನ ಕೂದಲು ಒದ್ದೆಯಾಗಿತ್ತು.

"ನಿನಗೆ ಬಿಟ್ಟು ಹೋಗಬೇಕಾಗದ ಮರ ಬೇಕಿತ್ತು. ನನಗೆ ಮರ ಬಿಟ್ಟು ಹೋಗದವನು ಬೇಕಿತ್ತು," ಎಂದಳು. "ಇಬ್ಬರಿಗೂ ಬೇಕಾದದ್ದು ಒಂದೇ ಆಗಿತ್ತಲ್ಲೋ ಬೂದಾ. ನಾನು ಎರಡು ಸಲ ಕೇಳಿದೆ. ಹೇಳಬಾರದಿತ್ತೇನೋ?"

ಬೂದ ಕೈ ಮುಗಿದು ನಿಂತ.

"ಹೋಗು, ಹತ್ತು," ಎಂದಳು ಹೊನ್ನವ್ವ. "ಉಳಿದವರ ಮರಿಗಳಿಗೆ ಬಾಯಾರಿಕೆಯಾಗಿದೆ."

ಬೂದ ವಾಲಿದ ಕಾಂಡವನ್ನು ಅಪ್ಪಿಕೊಂಡು, ಸೊಟ್ಟ ಕಾಲನ್ನು ಎಳೆದುಕೊಂಡು, ಮೆಲ್ಲಗೆ ತುದಿಗೆ ಹತ್ತಿದ. ನಾಲ್ಕು ದಿಕ್ಕೂ ನೋಡಿದ. ಒಂದೊಂದಾಗಿ ತಾಯಂದಿರು ತಮ್ಮ ಮರಿಗಳನ್ನು ಕರೆದುಕೊಂಡು ನೀರಿಗೆ ಇಳಿದರು. ಹೊನ್ನವ್ವ ಎಲ್ಲರಾದ ಮೇಲೆ, ಒಬ್ಬಳೇ ಇಳಿದಳು.

ನೀತಿ: ಕೆಲಸ ಕೇಳುವಾಗ ನಿನ್ನ ನಿಜವಾದ ಕಾರಣವನ್ನೇ ಹೇಳು, ಅದನ್ನು ನಾಚಿ ಮುಚ್ಚಿಟ್ಟು ಎರವಲು ಮಾತಾಡಿದರೆ, ಕೇಳುವವರಿಗೆ ನಿನಗೂ ಅರ್ಧದಲ್ಲಿ ಬಿಟ್ಟು ಹೋಗುವವನಿಗೂ ವ್ಯತ್ಯಾಸ ತಿಳಿಯುವುದಿಲ್ಲ.