ಗ್ಯಾಸ್ ಪೈಪಿಗೆ ಕಟ್ಟಿದ ತಂತಿ

ಹೊಳೆ ದಂಡೆಯ ಆಶ್ರಮದಲ್ಲಿ ಅಂದಾನಯ್ಯ ಎಂಬ ಗುರುಗಳಿದ್ದರು. ವೇದಾಂತ ಅವರಿಗೆ ಅಷ್ಟಕ್ಕಷ್ಟೆ. ವೈರಿಂಗ್ ಕೆಲಸ ಚೆನ್ನಾಗಿ ಗೊತ್ತಿತ್ತು, ಅದನ್ನೇ ಕಲಿಸುತ್ತಿದ್ದರು.

ಆಶ್ರಮದ ಅಡುಗೆಮನೆಗೆ ಬೆಂಕಿ ಬಿದ್ದು, ಅಡುಗೆಯ ಪುಟ್ಟತಾಯಮ್ಮ ತೀರಿಕೊಂಡು ಹನ್ನೊಂದು ದಿನವಾಗಿತ್ತು. ಮಲಗುವ ಮುಂಚೆ ಒಲೆಯ ನಾಬ್ ಮುಚ್ಚುವುದನ್ನು ಮರೆತಳು, ಬೆಳಿಗ್ಗೆ ಎದ್ದು ಕಡ್ಡಿ ಗೀರಿದಳು ಎಂದು ಎಲ್ಲರೂ ಹೇಳಿದರು. ಮಗಳು ಕೋಮಲಳೂ ಹಾಗೇ ನಂಬಿದ್ದಳು.

ಅಂದು ಮಧ್ಯಾಹ್ನ ಶಿಷ್ಯ ಮಹದೇವು ಬಂದು ಗುರುಗಳ ಮುಂದೆ ಕೂತ. ಅವನಿಗೆ ಮೂವತ್ತು ದಾಟಿತ್ತು. ಅಡುಗೆಮನೆಯ ವೈರಿಂಗ್ ಮಾಡಿದವನು ಅವನೇ.

ಜೇಬಿನಿಂದ ಒಂದು ತುಂಡು ತಂತಿ ತೆಗೆದು ನೆಲದ ಮೇಲಿಟ್ಟ.

“ಏನಿದು?”

“ವೈರ್ ಹೋಗೋ ಕಬ್ಬಿಣದ ಪೈಪನ್ನ ಇದರಲ್ಲಿ ಗ್ಯಾಸ್ ಪೈಪಿಗೆ ಕಟ್ಟಿದ್ದೆ ಗುರುಗಳೇ.”

ಅಂದಾನಯ್ಯನವರು ತಂತಿಯನ್ನು ಕೈಗೆತ್ತಿಕೊಂಡು ನೋಡಿದರು.

“ನಿಯಮ ಏನು ಹೇಳಿಕೊಟ್ಟಿದ್ದೆ?”

“ವೈರಿನ ಪೈಪಿಗೆ ಗೋಡೆಯಲ್ಲೇ ಕ್ಲಾಂಪ್ ಹೊಡೀಬೇಕು. ಗ್ಯಾಸ್ ಪೈಪಿಗೆ ಏನನ್ನೂ ನೇತುಹಾಕಬಾರದು, ಎಷ್ಟೇ ಹಗುರ ಇದ್ರೂ.”

“ಬಾಯಿಪಾಠ ಚೆನ್ನಾಗಿದೆ. ಮತ್ತೆ ಯಾಕೆ ಕಟ್ಟಿದೆ?”

“ಗೋಡೆ ಕೊರೆಯೋಕೆ ಹೋದೆ. ಒಲೆ ಮೇಲೆ ಅನ್ನ ಇತ್ತು. ‘ಧೂಳು ಬೀಳುತ್ತೆ ಕಣಪ್ಪ, ಊಟ ಆದ್ಮೇಲೆ ಕೊರಿ’ ಅಂದ್ರು ಪುಟ್ಟತಾಯಮ್ಮ. ಅಲ್ಲೀತನಕ ಇರಲಿ ಅಂತ ಕಟ್ಟಿದೆ. ನನ್ನನ್ನೂ ಕೂರಿಸಿ, ಸಾಕು ಅಂದ್ರೂ ಬಿಡದೆ ಬಡಿಸಿದ್ರು. ಆಮೇಲೆ ಮರೆತೇಬಿಟ್ಟೆ.”

ನೆನಪಾದದ್ದು ಬೆಂಕಿ ಆರಿದ ಮೇಲೆ. ಮೊದಲು ಒಳಗೆ ಹೋದವನು ಅವನೇ. ಒಲೆಯ ನಾಬ್‌ಗಳೆಲ್ಲ ಮುಚ್ಚಿದ್ದವು. ತಂತಿ ಕಟ್ಟಿದ ಕಡೆ ಗ್ಯಾಸ್ ಪೈಪು ಭಾರಕ್ಕೆ ಜಗ್ಗಿ, ಜಾಯಿಂಟ್ ಬಾಯಿಬಿಟ್ಟಿತ್ತು. ಅವನು ತಂತಿ ಬಿಚ್ಚಿ ಜೇಬಿಗೆ ಹಾಕಿಕೊಂಡ. ಯಾರಿಗೂ ಹೇಳಲಿಲ್ಲ.

“ಹೇಳಿದ್ರೆ ಹೋದೋರು ಬರ್ತಾರಾ ಗುರುಗಳೇ? ನನಗೂ ಹೆಂಡತಿ ಮಕ್ಕಳಿದಾರೆ. ಸತ್ತೋರನ್ನ ಯಾರು ಏನಂದ್ರೇನು?”

“ಅವತ್ತು ನಿನ್ನ ಭಾರಾನ ಗ್ಯಾಸ್ ಪೈಪಿಗೆ ಕಟ್ಟಿದೆ,” ಎಂದರು ಗುರುಗಳು. “ಇವತ್ತು ಯಾರಿಗೆ ಕಟ್ಟಿದೀಯ?”

ಮಹದೇವು ಅತ್ತ. ಅಳಬೇಕಾದದ್ದೇ. ಗುರುಗಳು ತಡೆಯಲಿಲ್ಲ.

ಆಮೇಲೆ ಕೇಳಿದರು: “ಕೆಲಸ ಮುಗಿದ ದಿನ ಕ್ಲಾಂಪ್ ಎಲ್ಲ ಹೊಡೆದೆಯಾ ಅಂತ ಕೇಳಿದ್ದೆ. ಏನಂದೆ?”

“ಹೂಂ ಅಂದೆ.”

“ನಾನು ಇಲ್ಲೇ ಕೂತು, ಎಲ್ಲಾ ಸರಿಯಿದೆ ಅಂತ ಸಹಿ ಹಾಕಿದೆ. ಎದ್ದು ಹೋಗಿ ನೋಡಲಿಲ್ಲ. ಇಲ್ಲಿಂದ ಅಡುಗೆಮನೆ ಎಷ್ಟು ದೂರ?”

ಅಡುಗೆಮನೆ ಅಂಗಳದ ಆಚೆಗೇ ಇತ್ತು.

ಗುರುಗಳು ಎದ್ದರು. ಮಂಡಿನೋವಿನ ಮುದುಕರು, ಏಳುವುದೇ ಕಷ್ಟ. ಶಿಷ್ಯ ಕೈಹಿಡಿಯಲು ಬಂದಾಗ ಬೇಡವೆಂದು ತಲೆಯಾಡಿಸಿ, ಅವನನ್ನು ಕೋಮಲಳ ಬಳಿಗೆ ಕರೆದುಕೊಂಡು ಹೋದರು.

ಕೋಮಲ ಹೊಳೆಯ ಮೆಟ್ಟಿಲಲ್ಲಿ ಕೂತು ಮಸಿ ಹಿಡಿದ ಪಾತ್ರೆ ಉಜ್ಜುತ್ತಿದ್ದಳು. ಮಹದೇವು ನಿಂತೇ ಎಲ್ಲವನ್ನೂ ಹೇಳಿದ.

ಅವಳು ಕೂಗಾಡಲಿಲ್ಲ. ಕೈಯಲ್ಲಿದ್ದ ಪಾತ್ರೆ ಪಕ್ಕಕ್ಕಿಟ್ಟಳು.

“ಹನ್ನೊಂದು ದಿನದಿಂದ ಅಮ್ಮನ್ನ ಬೈಕೋತಾ ಇದೀನಿ,” ಎಂದಳು. “ಅಷ್ಟು ಸಲ ಹೇಳಿದ್ರೂ ಮರೆತ್ಯಲ್ಲ ಅಂತ. ಹೆಣದ ಮುಂದೆ ಕೂಡ ಅದನ್ನೇ ಅಂದೆ.”

ಅವಳು ಮಹದೇವು ಕಡೆ ನೋಡಲಿಲ್ಲ, ಗುರುಗಳನ್ನು ನೋಡಿದಳು.

“ಹಾಗಾದ್ರೆ ಅಮ್ಮ ಮರೆತಿರಲಿಲ್ವಾ?”

“ಇಲ್ಲ ತಾಯಿ. ನಿಮ್ಮಮ್ಮ ಎಲ್ಲಾ ಮುಚ್ಚೇ ಮಲಗಿದ್ದಳು. ಮರೆತವರು ನಾವಿಬ್ಬರು.”