ಹಿಂದೆ ನಿಂತವರ ಜೇನು

ಒಂದು ಕಾಡಿನಲ್ಲಿ ಚಳಿಗಾಲ ಬಂತೆಂದರೆ ಫುಟ್‌ಬಾಲ್ ಪಂದ್ಯಗಳು ಶುರುವಾಗುತ್ತಿದ್ದವು. ಹುಲ್ಲನ್ನು ಬಳ್ಳಿಯಿಂದ ಬಿಗಿದು ಕಟ್ಟಿದ್ದೇ ಚೆಂಡು. ಮೈದಾನದ ಎರಡೂ ತುದಿಯಲ್ಲಿ ಎರಡೆರಡು ಹುತ್ತ. ಅವುಗಳ ನಡುವಿನ ಜಾಗವೇ ಗೋಲು. ಆ ಕಾಡಿನಲ್ಲಿ ಒಂದು ಕಟ್ಟಳೆ ಇತ್ತು. ಪಂದ್ಯಗಳೆಲ್ಲ ಮುಗಿದಾಗ ಕೊನೆಯ ಸ್ಥಾನದಲ್ಲಿ ಉಳಿದ ತಂಡದವರು ಬೇಸಿಗೆಯಿಡೀ ಹೊಂಡದ ನೀರನ್ನು ಎಲ್ಲರಿಗಿಂತ ಕೊನೆಗೆ ಕುಡಿಯಬೇಕು. ಕೊನೆಗೆ ಉಳಿಯುತ್ತಿದ್ದುದು ಬರೀ ಕೆಸರು.

ಬಂಡೆ ತಂಡದ ನಾಯಕ ಕರಡಿ ಭರಮ. ಗೋಲು ಕಾಯುವವನೂ ಅವನೇ. ಮಹಾ ಶಿಸ್ತಿನವನು. ಇಡೀ ದಿನ ಎರಡು ಹುತ್ತಗಳ ನಡುವೆ ನಿಂತರೂ ಒಂದು ಗೆದ್ದಲನ್ನೂ ಬಾಯಿಗೆ ಹಾಕಿಕೊಂಡವನಲ್ಲ. ಪ್ರತಿ ಪಂದ್ಯದ ಬೆಳಿಗ್ಗೆ ಕಡಿದಾದ ಬಂಡೆ ಹತ್ತಿ, ಮೂತಿಗೆ ಕಚ್ಚಿಸಿಕೊಂಡು, ಒಂದು ಜೇನುಹುಟ್ಟು ತರುತ್ತಿದ್ದ. "ಗೋಲು ಹೊಡೆದವರಿಗೆ ಇದು. ಮಿಕ್ಕವರು ಕೇಳಬಾರದು," ಎನ್ನುತ್ತಿದ್ದ. ತಾನು ಗೋಲು ಹೊಡೆಯುವವನಲ್ಲವಲ್ಲ, ಹಾಗಾಗಿ ಒಂದು ಹನಿಯನ್ನೂ ನೆಕ್ಕುತ್ತಿರಲಿಲ್ಲ. ನಿಯಮ ಎಂದರೆ ನಿಯಮ.

ಬಯಲು ತಂಡದ ನರಿ ಚೆಲುವಯ್ಯ ಇದನ್ನು ಗಮನಿಸಿದ. ಮೊದಲ ಪಂದ್ಯದಲ್ಲೇ, ಭರಮನ ಮುಂದೆ ಕಾವಲಿದ್ದ ಕಾಡುಹಂದಿ ಕೆಂಚನ ಹತ್ತಿರ ಸರಿದು ಪಿಸುಗುಟ್ಟಿದ.

"ಏನ್ ಕೆಂಚಣ್ಣ, ಇಷ್ಟು ಗಟ್ಟಿ ಆಳು ಇಲ್ಲಿ ನೆಲ ಕೆರೀತಾ ನಿಂತಿದ್ದೀಯಲ್ಲ? ಆಹಾ, ಜೇನಿನ ಘಮ ನೋಡು! ಇವತ್ತೂ ನಿಮ್ಮ ಗೋಲು ಹೊಡೆಯೋ ಆ ಮೊಲಾನೇ ನೆಕ್ಕೋದಾ?"

ಕೆಂಚನ ಬಾಯಲ್ಲಿ ನೀರೂರಿತು. ಬಾಲ ನೆಟ್ಟಗೆ ಮಾಡಿಕೊಂಡು ಮುಂದೆ ಓಡಿಯೇಬಿಟ್ಟ. ಅವನನ್ನು ನೋಡಿ ಇನ್ನೊಬ್ಬ ಕಾವಲುಗಾರ್ತಿ ಕಡವೆ ತುಂಗವ್ವಳೂ ಓಡಿದಳು. ಖಾಲಿಯಾದ ಜಾಗದಲ್ಲಿ ನರಿ ನಿರಾಳವಾಗಿ ಬಂದು ಗೋಲು ಹೊಡೆದ.

ಆಮೇಲೆ ಉಳಿದ ತಂಡಗಳೂ ಈ ಉಪಾಯವನ್ನು ಕಲಿತವು. ಭರಮ ಒಬ್ಬನೇ ಅತ್ತ ಬಿದ್ದ, ಇತ್ತ ಬಿದ್ದ. ಮೈಯೆಲ್ಲ ಧೂಳಾಯಿತೇ ಹೊರತು ಚೆಂಡು ಕೈಗೆ ಸಿಗಲಿಲ್ಲ. "ಕರಡಿ ಕಾಲಡಿ ಹೆದ್ದಾರಿ, ಚೆಂಡಿಗೆ ದಿನವೂ ಸವಾರಿ!" ಎಂದು ಮರದ ಮೇಲಿನ ಮಂಗಗಳು ಹಾಡು ಕಟ್ಟಿದವು. ಅರ್ಧ ಪಂದ್ಯಗಳು ಮುಗಿಯುವ ಹೊತ್ತಿಗೆ ಬಂಡೆ ತಂಡ ಎಲ್ಲರಿಗಿಂತ ಕೆಳಗಿತ್ತು.

ಭರಮ ಸಿಡಿದೆದ್ದ. "ನಿಮಗೆ ಬುದ್ಧಿ ಇದೆಯೇನ್ರೋ? ಕಾಯಬೇಕಾದವರೇ ಮುಂದೆ ಓಡಿದರೆ ನಾನೊಬ್ಬ ಎಷ್ಟು ಅಂತ ತಡೀಲಿ? ಬೇಸಿಗೆಯಲ್ಲಿ ಮರಿಗಳಿಗೆ ಕೆಸರು ಕುಡಿಸ್ತೀರಾ?"

ಕೆಂಚ ತಲೆ ತಗ್ಗಿಸಿದ. ತುಂಗವ್ವ ತಗ್ಗಿಸಲಿಲ್ಲ.

"ಬೈಯೋದಾದರೆ ಬೈಯಿ ಭರಮಣ್ಣ. ಆದರೆ ಒಂದು ಮಾತು ಹೇಳು. ಹಿಂದೆ ನಿಂತು ಚೆಂಡು ತಡೆದವರಿಗೆ ಯಾವತ್ತಾದರೂ ಒಂದು ಹನಿ ಕೊಟ್ಟಿದ್ದೀಯಾ? ನೋಡು ನನ್ನ ಮೊಣಕಾಲು, ಹೇಗೆ ಊದಿದೆ."

ಭರಮ ಆ ಮೊಣಕಾಲನ್ನು ನೋಡಿದ. ನರಿ ತೋರಿಸಿದ ಆಸೆಯನ್ನು ಅಲ್ಲಿ ನೇತುಹಾಕಿದವನು ತಾನೇ ಎಂದು ಅವನಿಗೆ ಹೊಳೆಯಿತು.

ಮುಂದಿನ ಪಂದ್ಯದ ಬೆಳಿಗ್ಗೆ ಜೇನುಹುಟ್ಟನ್ನು ಎಲೆಯ ಮೇಲಿಟ್ಟು ಹೇಳಿದ: "ಇವತ್ತಿನಿಂದ ಹೊಸ ನಿಯಮ. ಮೊದಲ ತುಣುಕು ಹಿಂದೆ ಕಾದವರಿಗೆ. ಆಮೇಲೆ ಗೋಲು ಹೊಡೆದವರಿಗೆ."

"ಅಯ್ಯೋ, ಅಷ್ಟರಲ್ಲಿ ಖಾಲಿಯಾದರೆ?" ಎಂದು ಮೊಲ ಮುಖ ಊದಿಸಿಕೊಂಡಿತು.

"ನೀನು ಓಡು. ನಿನ್ನ ಪಾಲು ಎಲ್ಲೂ ಹೋಗೋದಿಲ್ಲ."

ಅಂದಿನಿಂದ ಕೆಂಚ ಮುಂದೆ ಹೋದರೆ ತುಂಗವ್ವ ಹಿಂದೆ ಉಳಿದಳು. ತುಂಗವ್ವ ಎಡಕ್ಕೆ ಸರಿದರೆ, "ಬಲಕ್ಕೆ ನಾನಿದ್ದೀನಿ ಕಣವ್ವಾ!" ಎಂದು ಕೆಂಚ ಕೂಗಿದ. ಗೋಲು ಬೀಳುವುದು ಕಡಿಮೆಯಾಯಿತು. ಮಂಗಗಳ ಹಾಡು ನಿಂತೇಹೋಯಿತು. ಬಂಡೆ ತಂಡ ಮೆಲ್ಲಗೆ ಮೇಲೆ ಬಂದು ಕೆಳಗಿನಿಂದ ಎರಡನೆಯದಾಗಿದ್ದ ಬಯಲು ತಂಡದ ಸಮಕ್ಕೆ ನಿಂತಿತು. ಕೊನೆಯ ಪಂದ್ಯ ಅವರಿಬ್ಬರದೇ. ಸೋತವರಿಗೆ ಕೆಸರು.

ಚೆಲುವಯ್ಯ ಮತ್ತೆ ಹಲ್ಲು ಕಿರಿಯುತ್ತ ಬಂದ. "ಕೆಂಚಣ್ಣಾ, ಜೇನಿನ ಘಮ..."

"ನನ್ನ ಜೇನು ಇಲ್ಲೇ ನಿಂತವರಿಗೆ ಸಿಗುತ್ತೆ ಮಾರಾಯ. ನೀನು ಘಮ ಕುಡಿದುಕೊಂಡು ಹೋಗು."

ನರಿಗೆ ಅವಮಾನವಾಯಿತು. ಸಿಟ್ಟಿನಲ್ಲಿ ತನ್ನವರನ್ನೆಲ್ಲ ಕೂಗಿ ಕರೆದ. ಗೋಲು ಕಾಯುತ್ತಿದ್ದ ಕತ್ತೆಕಿರುಬನನ್ನೂ ಬಿಡಲಿಲ್ಲ. "ಅಲ್ಲೇನು ಕಡಿದು ಕಟ್ಟೆ ಹಾಕ್ತಿದ್ದೀಯ? ನೀನೂ ಬಾರೋ!"

ಎಲ್ಲರೂ ನುಗ್ಗಿದರು. ನರಿ ಬಲವಾಗಿ ಒದ್ದ. ತುಂಗವ್ವ ಎದೆಕೊಟ್ಟು ಚೆಂಡನ್ನು ತಡೆದಳು. ಕೆಂಚ ಮೂತಿಯಿಂದ ಅದನ್ನು ಎತ್ತಿ ಎಸೆದ. ಚೆಂಡು ಎಲ್ಲರ ತಲೆ ದಾಟಿ ಖಾಲಿ ಬಯಲಿನಲ್ಲಿ ಉರುಳಿತು, ಉರುಳಿತು, ಕಾಯುವವರಿಲ್ಲದ ಹುತ್ತಗಳ ನಡುವೆ ಹೋಗಿ ನಿಂತಿತು. ಅದರ ಹಿಂದೆ ಓಡಿದ ನರಿಗೆ ಸಿಕ್ಕಿದ್ದು ಧೂಳು ಮಾತ್ರ. ಆ ಬೇಸಿಗೆಯಲ್ಲಿ ಕೆಸರು ಕುಡಿದವನೂ ಅವನೇ.

ಪಂದ್ಯ ಮುಗಿದ ಮೇಲೆ ಭರಮ ಜೇನು ಹಂಚಲು ಕುಳಿತ. "ಇವತ್ತು ಚೆಂಡು ನನ್ನ ಹತ್ತಿರ ಬರಲೇ ಇಲ್ಲ ಕಣ್ರೋ. ನಾನು ಸುಮ್ಮನೆ ನಿಂತಿದ್ದೆ. ನಿಮ್ಮ ಉಪಕಾರ ನಾನು ಮರೆಯೋದಿಲ್ಲ."

ಕೆಂಚ ಮೊದಲ ತುಣುಕನ್ನು ಎತ್ತಿ ಕರಡಿಯ ಮುಂದೆಯೇ ಇಟ್ಟ.

"ಛೇ, ನನಗಲ್ಲ. ನಿಯಮ..."

"ಹಿಂದೆ ಕಾದವರಿಗೆ ಅಂದೆಯಲ್ಲ. ನಮ್ಮೆಲ್ಲರಿಗಿಂತ ಹಿಂದೆ ನಿಂತವನು ಯಾರು?" ಎಂದಳು ತುಂಗವ್ವ.

ಭರಮ ಊದಿದ ಮೂತಿಯನ್ನು ಬಗ್ಗಿಸಿ ಮೆಲ್ಲಗೆ ನೆಕ್ಕಿದ. ಎಷ್ಟೋ ವರ್ಷದಿಂದ ತಾನೇ ಹೊತ್ತು ತರುತ್ತಿದ್ದ ಆ ಜೇನಿನ ರುಚಿ ಅವನಿಗೆ ಗೊತ್ತಾದದ್ದು ಅವತ್ತೇ.

ನೀತಿ: ಗೆಲುವು ತಂದವರನ್ನು ಹೊಗಳುವಾಗ ಸೋಲನ್ನು ತಡೆದವರನ್ನು ಮರೆಯಬಾರದು. ಇನ್ನೊಬ್ಬರ ಕಾವಲು ತಪ್ಪಿಸಲು ಹೊರಟವನು ತನ್ನ ಕಾವಲನ್ನೇ ಕಳೆದುಕೊಳ್ಳುತ್ತಾನೆ.