ಕೊನೆಗೆ ಕುಡಿಯುವ ಗದ್ದೆ

"ಒಂದು ತುಂಡು ಮಾಂಸಕ್ಕೆ ಅಷ್ಟು ದೊಡ್ಡ ಶಿಕ್ಷೆಯೇ, ಅಯ್ಯನವರೇ?" ಎಂದು ಜೀವರತ್ನ ತನ್ನ ಗುರುಗಳನ್ನು ಕೇಳಿದ.

ಸತ್ಯವೇದದ, ಅಂದರೆ ಬೈಬಲಿನ, ಆ ಹಳೆಯ ಪ್ರಸಂಗ ಅವನನ್ನು ಕಾಡುತ್ತಿತ್ತು. ದೇವರಿಗೆ ಅರ್ಪಿಸುವ ಮೊದಲೇ ಯಾಜಕನ ಮಕ್ಕಳು ಬಲಿಯ ಮಾಂಸವನ್ನು ತಮಗೆ ಎತ್ತಿಕೊಂಡರು. ತಂದೆ ಬಾಯಲ್ಲಿ ಗದರಿಸಿ ಸುಮ್ಮನಾದ. ತಿಂದವರು ಸಾಯಲಿ, ಸರಿ. ಆದರೆ ಇಡೀ ಜನ ಯುದ್ಧದಲ್ಲಿ ಸೋತು ದೇವರ ಮಂಜೂಷವನ್ನೇ, ಆ ಪವಿತ್ರ ಪೆಟ್ಟಿಗೆಯನ್ನೇ, ಕಳೆದುಕೊಂಡದ್ದು ಯಾವ ನ್ಯಾಯ?

ಜೀವರತ್ನ ಒಂದು ಚರ್ಚಿಗೆ ಪಾಲಕನಾಗಿ ಎರಡು ವರ್ಷವಾಗಿತ್ತು. ಸುಗ್ಗಿ ಹಬ್ಬಕ್ಕೆ ಜನ ತರುವ ಕಾಣಿಕೆಯಲ್ಲಿ ಬಲಿತ ಕುಂಬಳಕಾಯಿ, ಕೊಬ್ಬಿದ ಹುಂಜ ಪೀಠದ ಮುಂದೆ ಬರುವ ಮೊದಲೇ ಅವನ ಅಡುಗೆಮನೆ ಸೇರುತ್ತಿದ್ದವು. ಅದನ್ನು ಅವನು ಗುರುಗಳಿಗೆ ಹೇಳಲಿಲ್ಲ. ಹೇಳುವಂಥದ್ದೇನೂ ಅಲ್ಲ ಎಂದುಕೊಂಡಿದ್ದ. ಆದರೂ ಯಾರೂ ಕೇಳದೆಯೇ ಹೆಗಲು ಮುಟ್ಟಿ ನೋಡಿಕೊಳ್ಳುವವರು ಇರುತ್ತಾರಲ್ಲ.

ಅಯ್ಯನವರು ಹೇಳಿದರು:

ಒಂದು ಊರಿನಲ್ಲಿ ಒಬ್ಬ ನೀರುಗಂಟಿ ಇದ್ದ. ಕೆರೆಯ ತೂಬು ತೆಗೆದು ಗದ್ದೆಗಳಿಗೆ ಸರದಿಯಂತೆ ನೀರು ಬಿಡುವುದು ಅವನ ಕೆಲಸ. ಅವನ ಗದ್ದೆ ಎಲ್ಲರಿಗಿಂತ ಕೊನೆಗೆ ಕುಡಿಯಬೇಕು ಎಂಬುದು ಹಿರಿಯರ ಕಟ್ಟಲೆ. ಅದು ಹಸಿರಾಗಿ ಕಂಡರೆ ಊರಿಗೆಲ್ಲ ನೀರು ಸಿಕ್ಕಿತೆಂದು ಅರ್ಥ. ಕೆರೆ ಏರಿ ಜಿನುಗಿದರೆ ತಮಟೆ ಬಡಿಯುವವನೂ ಅವನೇ. ತಮಟೆ ಕೇಳಿದ್ದೇ ಮನೆಗೊಬ್ಬರು ಮಣ್ಣಿನ ಬುಟ್ಟಿ ಹೊತ್ತು ಓಡಬೇಕು.

ಅವನು ಮುದುಕನಾದ. ಕೆಲಸ ಮಗನಿಗೆ ಬಂತು. ಮಗ ನೀರನ್ನು ಮೊದಲು ತಮ್ಮ ಗದ್ದೆಗೆ ತಿರುಗಿಸಿದ. ಬೇಡ ಕಣಪ್ಪಾ, ಜನ ಏನಂದಾರು ಎಂದ ಮುದುಕ.

"ಕಾಯುವವನು ನಾನು. ನಾನು ಒಂದು ಗುಟುಕು ಮೊದಲು ಕುಡಿದರೆ ಕೆರೆ ಬತ್ತೀತೇನಪ್ಪಾ?" ಎಂದ ಮಗ.

ಮುದುಕ ಗೊಣಗಿದ. ಗೊಣಗುತ್ತಲೇ ಆ ಗದ್ದೆಯ ಅನ್ನ ಉಂಡ.

ಊರವರು ಜಗಳಕ್ಕೆ ಬರಲಿಲ್ಲ. ಬಂದಿದ್ದರೆ ಎಷ್ಟೋ ಚೆನ್ನಾಗಿತ್ತು. ಹೋಗುತ್ತಾ ಬರುತ್ತಾ ಆ ಹಸಿರನ್ನು ನೋಡಿದರು, ಅಷ್ಟೇ.

ಮೂರನೆಯ ವರ್ಷ ಮಳೆ ಜೋರಾಯಿತು. ಏಡಿ ತೋಡಿದ ಬಿಲದಿಂದ ಏರಿ ಜಿನುಗತೊಡಗಿತು. ಮಗ ತಮಟೆ ಬಡಿದ. ಊರಿಗೆಲ್ಲ ಕೇಳಿಸಿತು. ಒಬ್ಬ ರೈತ ಜಗುಲಿಯಲ್ಲಿ ಕೂತಲ್ಲಿಂದಲೇ, "ಮೊದಲು ಕುಡಿದವನೇ ಮೊದಲು ಮಣ್ಣು ಹೊರಲಿ" ಎಂದ. ಪಕ್ಕದ ಜಗುಲಿಯವನು ನಕ್ಕ. ಬುಟ್ಟಿ ಹೊತ್ತು ಏರಿ ಹತ್ತಿದವನು ಮುದುಕನೊಬ್ಬನೇ. ಮಧ್ಯಾಹ್ನ ಏರಿ ಒಡೆಯಿತು. ಮುದುಕ ನೀರಿನ ಜೊತೆ ಹೋದ. ಜಗುಲಿಯವರ ಗದ್ದೆಗಳೂ ಸೇರಿ ಎಲ್ಲದರ ಮೇಲೂ ಮರಳು ಕೂತಿತು.

ಅಯ್ಯನವರು ಅಲ್ಲಿಗೆ ನಿಲ್ಲಿಸಿದರು.

ಜೀವರತ್ನನಿಗೆ ಹಿಡಿಯಲೊಂದು ಎಳೆ ಸಿಕ್ಕಿತು. "ಹಾಗಾದರೆ ಜನರದೂ ತಪ್ಪೇ. ತಮಟೆ ಕೇಳಿಯೂ ಬರಲಿಲ್ಲವಲ್ಲ" ಎಂದ. ಎದೆಯ ಭಾರ ತುಸು ಇಳಿದಂತಾಯಿತು.

"ತಪ್ಪೇ" ಎಂದು ಅಯ್ಯನವರು ಒಪ್ಪಿಕೊಂಡರು. ಆಮೇಲೆ ಬಹಳ ಮೆತ್ತಗೆ ಕೇಳಿದರು:

"ಹೋದ ಭಾನುವಾರ ನಿನ್ನ ಚರ್ಚಿನ ಗಂಟೆ ಕೇಳಿ ಎಷ್ಟು ಜನ ಬಂದಿದ್ದರಪ್ಪಾ?"